ಹೊಸ್ತಿಲು ದಾಟಿದ ಶುಕ್ರವಾರ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ಮಗಳು ವಸುಗೆ ಆಗ ಎಂಟು ತಿಂಗಳೋ ಒಂಬತ್ತೋ, ಖಚಿತವಾಗಿ ಹೇಳಲಾರೆ. ಡೈರಿ ಇದೆಯಲ್ಲ ಎನ್ನಬೇಡಿ. ಅದನ್ನು ಬರೆದವಳೂ ನಾನೇ. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದ ಮೇಲೆ ನನಗೆ ಉಳಿದ ಒಂದೇ ವಿದ್ಯೆಯೆಂದರೆ ನೆನಪನ್ನು ನಂಬದಿರುವುದು. ಕಣ್ಣೆದುರಿಗೆ ಇದ್ದದ್ದನ್ನು ನೋಡುವ ವಿದ್ಯೆ ಆ ಪಠ್ಯಕ್ರಮದಲ್ಲಿ ಇರಲಿಲ್ಲ.

ಅಂಧೇರಿ ಸ್ಟೇಷನ್ನಿನ ಹತ್ತಿರದ ರದ್ದಿ ಅಂಗಡಿಯಲ್ಲಿ ನನಗೊಂದು ವಿಲಾಯತಿ ಪತ್ರಿಕೆ ಸಿಕ್ಕಿತ್ತು. ತೆವಳುವ ಮಗುವಿನೊಡನೆ ತಾಯಿ ದಿನವೂ ಆಡಬಹುದಾದ ಹನ್ನೆರಡು ಮೋಜಿನ ಆಟಗಳು ಅದರಲ್ಲಿದ್ದವು. ಅವುಗಳಿಗೆ ಬೇಕಾದದ್ದು ಹುಲ್ಲುಹಾಸು, ಸ್ನಾನದ ತೊಟ್ಟಿ, ಮೆತ್ತನೆಯ ಜಮಖಾನೆ ಮತ್ತು ಸಂಜೆ ಐದಕ್ಕೆ ಮನೆ ಸೇರುವ ತಂದೆ. ನಮ್ಮ ಎರಡು ಕೋಣೆಯ ಮನೆಯಲ್ಲಿದ್ದದ್ದು ಒಂದು ಬಾಲ್ದಿ, ಒಂದು ಚಾಪೆ, ಮತ್ತು ಚರ್ಚ್‌ಗೇಟಿನ ಲೋಕಲ್ ಬಿಟ್ಟುಕೊಟ್ಟಾಗ ಬರುವ ಗಂಡ. ಆದರೂ ನಾನು ವೇಳಾಪಟ್ಟಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಒಂಬತ್ತು ಗಂಟೆಗೆ ನೀರಾಟ. ನಲ್ಲಿ ಎಂಟಕ್ಕೇ ನಿಲ್ಲುತ್ತಿದ್ದುದರಿಂದ ಅದು ಒಂದು ಚೊಂಬಿನ ನೀರಾಟವಾಯಿತು. ಅದನ್ನೂ ಅತ್ತೆ ನಡುವೆ ಬಂದು ಸಾರಿಗೆಂದು ಎತ್ತಿಕೊಂಡು ಹೋದರು. ಹತ್ತಕ್ಕೆ ಕಣ್ಣುಮುಚ್ಚಾಟ. ನಾನು ಟವೆಲಿನ ಹಿಂದೆ ಅಡಗಿ, ಪತ್ರಿಕೆ ಹೇಳಿದಷ್ಟು ಹೊತ್ತು ಕಾದು, ನಗುನಗುತ್ತ ಮುಖ ತೋರಿಸುವಾಗ ಮಗು ಅಲ್ಲಿರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಆಲೂಗಡ್ಡೆ ಬುಟ್ಟಿ ಬೋರಲು ಹಾಕುತ್ತಿರುತ್ತಿದ್ದಳು.

ನಮಗೆ ನೆರವಾಗಲೆಂದು ಉಡುಪಿಯಿಂದ ಬಂದಿದ್ದ ಅತ್ತೆ ಆ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಿಸಿಕೊಂಡರು. "ಎಂತ ಮಾರಾಯ್ತಿ, ಇದು ಮಗು ಆಡುವುದಾ, ಡ್ಯೂಟಿಗೆ ಹೋಗುವುದಾ?"

ಅವರ ಶಾಸ್ತ್ರ ಒಂದೇ. ಮಗು ಮೊದಲ ಸಲ ಹೊಸ್ತಿಲು ದಾಟಿದ ದಿನ ಅಲ್ಲೇ ಕಾಯಿ ಒಡೆದು, ಬೆಲ್ಲ ಬೆರೆಸಿ, ಅಕ್ಕಪಕ್ಕದವರಿಗೆ ಹಂಚಬೇಕು. ವಿದ್ಯಾವಂತೆಯಾದ ನಾನು ಇಂಥದ್ದಕ್ಕೆಲ್ಲ ನಗುವವಳು. ಆದರೆ ಒಳಗೊಳಗೇ, ಆ ಗಳಿಗೆ ನನ್ನ ಕಣ್ಣೆದುರೇ ಆಗಬೇಕು, ನನ್ನ ಕೈಯಿಂದಲೇ ಡೈರಿಗೆ ಏರಬೇಕು ಎಂಬ ಹಟ ಹುಟ್ಟಿತು. ಸ್ನಾನಕ್ಕೆ ಹೋಗುವಾಗ ಬಾಗಿಲು ಮುಚ್ಚಿಸುತ್ತಿದ್ದೆ. ಅತ್ತೆ ಸೆಕೆ ಎಂದು ಗೊಣಗಿದರೂ ಬಿಡಲಿಲ್ಲ. ಹನ್ನೆರಡು ಆಟಗಳಲ್ಲಿ ಒಂದನ್ನೂ ಗೆಲ್ಲದ ತಾಯಿಗೆ ಇದೊಂದಾದರೂ ಬೇಕಿತ್ತು.

ಒಂದು ಮಂಗಳವಾರ ನಾನು ಮತ್ತೆ ರದ್ದಿ ಅಂಗಡಿಗೆ ಹೋದೆ. ಮುಂದಿನ ಸಂಚಿಕೆಯಲ್ಲಿ ಇನ್ನೂ ಹನ್ನೆರಡು ಆಟಗಳಿವೆ ಎಂದು ಪತ್ರಿಕೆ ಆಸೆ ಹುಟ್ಟಿಸಿತ್ತು. ಅದು ಸಿಗಲಿಲ್ಲ. ಬರಿಗೈಯಲ್ಲಿ ಬಂದು ನೋಡಿದರೆ ವಸು ಎರಡು ಹೊಸ ತೆಂಗಿನ ಗೆರಟೆಗಳನ್ನು ಟಕಟಕ ಬಡಿಯುತ್ತ ಕುಳಿತಿದ್ದಳು. ಒಂದು ಕಾಯಿಯನ್ನು ಮೂರು ದಿನ ಎಳೆಯುವ ಅತ್ತೆ ಅಂದು ಮಧ್ಯಾಹ್ನ ದಪ್ಪ ಚಟ್ನಿ ಮಾಡಿದ್ದರು. ಡೈರಿಯಲ್ಲಿ ಹೀಗಿದೆ: "ಗೆರಟೆ ಆಟ. ಶ್ರವಣೇಂದ್ರಿಯಕ್ಕೆ ಉತ್ತಮ. ಚಟ್ನಿ ಚೆನ್ನಾಗಿತ್ತು." ಇಷ್ಟೆಲ್ಲ ಬರೆದವಳಿಗೆ, ಆ ಗೆರಟೆಯೊಳಗಿನ ಕಾಯಿಯನ್ನು ಏಕೆ ಒಡೆದರು ಎಂದು ಕೇಳಲು ತೋಚಲಿಲ್ಲ.

ಶುಕ್ರವಾರ ಬಾಗಿಲು ತೆರೆದಿತ್ತು. ಗೆರಟೆ ಉರುಳಿ ಕಾರಿಡಾರಿಗೆ ಹೋಯಿತು. ವಸು ಅದರ ಬೆನ್ನು ಹತ್ತಿ, ಹೊಸ್ತಿಲ ಮೇಲೆ ಹೊಟ್ಟೆಯಿಟ್ಟು, ಬಲು ಪಳಗಿದವಳ ಹಾಗೆ ಆಚೆ ಇಳಿದಳು. ಪಳಗಿದವಳ ಹಾಗೆ ಎಂದು ಈಗ ಅನ್ನಿಸುತ್ತಿದೆಯೋ, ಅಂದೇ ಅನ್ನಿಸಿತ್ತೋ, ನೋಡಿ, ಇದೇ ನನ್ನ ತೊಂದರೆ. ನಾನು ಅತ್ತೆಯನ್ನು ಕೂಗಿದೆ. ಅವರು ಸೆರಗಿಗೆ ಕೈ ಒರೆಸುತ್ತ ಬಂದು, ಮಗುವನ್ನಲ್ಲ, ನನ್ನನ್ನೇ ನೋಡಿದರು.

"ದಾಟಿದಳಾ? ನೀನೇ ನೋಡಿದೆಯಲ್ಲ, ಒಳ್ಳೆಯದಾಯಿತು."

ಕಾಯಿ ಒಡೆದರು. ನಾನು ತಟ್ಟೆ ಹಿಡಿದು, ಪದವಿ ಪ್ರದಾನದಂದು ಇಟ್ಟಿದ್ದ ಗತ್ತಿನಲ್ಲೇ ಪಕ್ಕದ ಮನೆಗೆ ಹೋದೆ. ಅಲ್ಲಿನ ಮರಾಠಿ ಕಾಕೂ ಕಾಯಿಬೆಲ್ಲ ನೋಡಿ, "ಪರತ್ ನಾರಳ್?" ಎಂದರು. ಮತ್ತೆ ತೆಂಗಿನಕಾಯಿಯೇ ಎಂದು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ನಿಂತಿದ್ದ ಅತ್ತೆಯತ್ತ ಅವರ ಕಣ್ಣು ಹೋಯಿತು. ಆಮೇಲೆ ಕಾಕೂ ಇಡೀ ಚೂರನ್ನು ಒಮ್ಮೆಗೇ ಬಾಯಿಗಿಟ್ಟುಕೊಂಡು ಮಾತಿಗೆ ಜಾಗವೇ ಇಲ್ಲದಂತೆ ಮಾಡಿಕೊಂಡರು. ಬೆಲ್ಲ ಇಷ್ಟವಾಗಿರಬೇಕೆಂದು ನಾನು ಎರಡನೆಯ ಚೂರನ್ನೂ ಕೊಟ್ಟು ಬಂದೆ. ಡೈರಿಯಲ್ಲಿ 'ಮೊದಲ ಸಲ' ಎಂಬ ಎರಡು ಪದಗಳ ಕೆಳಗೆ ಎರಡು ಗೆರೆ ಎಳೆದೆ.

ಈಗ ವಸು ಶಾಲೆಗೆ ಹೋಗುತ್ತಾಳೆ. ಕಳೆದ ತಿಂಗಳು ಹಳೆಯ ಡೈರಿ ಓದುತ್ತಿದ್ದಾಗ ಮಂಗಳವಾರದ ಚಟ್ನಿ ಕಣ್ಣಿಗೆ ಬಿತ್ತು, ಅದರ ಬೆನ್ನಿಗೇ ಕಾಕೂ ಅವರ 'ಪರತ್' ನೆನಪಾಯಿತು. ಹೊಟ್ಟೆಕಿಚ್ಚು ಮೊದಲು ಬಂತು, ನಾಚಿಕೆ ಆಮೇಲೆ. ಆ ಮುದುಕಿ ನನಗಾಗಿ ಎರಡನೆಯ ಕಾಯಿ ಒಡೆದಿದ್ದರೆ, ಅದು ನನ್ನ ಹನ್ನೆರಡು ಆಟಗಳಿಗಿಂತ ದೊಡ್ಡ ಆಟ. ತಡೆಯಲಾರದೆ ಉಡುಪಿಗೆ ಇನ್‌ಲ್ಯಾಂಡ್ ಪತ್ರ ಬರೆದೆ. ಅಲ್ಲಿನ ಪಕ್ಕದ ಮನೆಯವರ ಕೈಯಲ್ಲಿ ಬರೆಸಿದ ಉತ್ತರ ಮಡಿಕೆಯ ಅಂಚಿನವರೆಗೂ ತುಂಬಿಕೊಂಡು ಬಂತು. ಮಿಡಿ ಉಪ್ಪಿನಕಾಯಿ ಕಳಿಸಿದ್ದಾರಂತೆ, ಮಂಡಿನೋವು ಕಡಿಮೆಯಂತೆ, ಮಗುವನ್ನು ಹೆಚ್ಚು ಓದಿಸಬಾರದಂತೆ. ನಾನು ಕೇಳಿದ್ದು ಮಾತ್ರ ಹಾಗೇ ಉಳಿದಿದೆ:

"ಅತ್ತೆ, ಆ ಮಂಗಳವಾರ ಕಾಯಿ ಒಡೆದದ್ದು ಚಟ್ನಿಗೆ ತಾನೆ?"