ಅರವತ್ತು ಪರ್ಮನೆಂಟ್ ಬಕೆಟ್

ಪಾತ್ರೆ ಅಂಗಡಿ ಇಟ್ಟವನಿಗೆ ಗಿರಾಕಿ ಪಾತ್ರೆಯೊಳಗೆ ಏನು ಹಾಕುತ್ತಾನೆ ಎಂಬ ಚಿಂತೆ ಇರಬಾರದು. ಅರಬ್ ದೇಶದ ಈ ಅಲ್ ಕುಸೈಸಿನಲ್ಲಿ ಇಪ್ಪತ್ತಾರು ವರ್ಷ ನಾನು ಈ ನಿಯಮದಲ್ಲೇ ನೆಮ್ಮದಿಯಾಗಿದ್ದೇನೆ. ಆದರೂ ಎರಡು ಮೂರು ವರ್ಷಕ್ಕೊಮ್ಮೆ ಎಂಥದ್ದಾದರೂ ಒಂದು ಮಾಲು ಒಳಗೆ ಬಂದು, ನನಗೆ ಬೇಡದ ವಿದ್ಯೆಯನ್ನೆಲ್ಲ ಕಲಿಸಿಯೇ ಹೊರಗೆ ಹೋಗುತ್ತದೆ. ಒಮ್ಮೆ ಮುಚ್ಚಳವಿಲ್ಲದ ಪ್ರೆಶರ್ ಕುಕ್ಕರ್ ಬಂದಿತ್ತು. ಇನ್ನೊಮ್ಮೆ ಎಡಗೈಯವರಿಗೆಂದೇ ಮಾಡಿದ ಸೌಟು. ಈ ಸಲ ಬಂದದ್ದು ಬಕೆಟ್.

ಜನ್ಮಕ್ಕೊಂದು

ಅಂಗಡಿಯಲ್ಲಿ ನನ್ನ ಪಾಲುದಾರ ನನ್ನ ಭಾವಮೈದ. ಹೆಂಡತಿಯ ತಮ್ಮ ಎಂಬುದು ಬಿಟ್ಟರೆ ಬೇರೆ ಯಾವ ಅರ್ಹತೆಯನ್ನೂ ನಾನು ಕೇಳಿರಲಿಲ್ಲ. ಸ್ಟೀಲ್ ಡಬ್ಬಿ ತರಲಿಕ್ಕೆಂದು ಅವನನ್ನು ಜೆಬೆಲ್ ಅಲಿ ಬಂದರಿನ ಒಂದು ಗೋದಾಮಿಗೆ ಕಳಿಸಿದ್ದೆ. ಅಲ್ಲಿ ಬೇರೆ ಯಾವುದೋ ದೇಶಕ್ಕೆ ಹೋಗಬೇಕಿದ್ದು, ಆರ್ಡರ್ ರದ್ದಾಗಿ ಉಳಿದ ಮಾಲು ಅರ್ಧ ಬೆಲೆಗೆ ಇತ್ತಂತೆ. ಸ್ಟೀಲ್ ಡಬ್ಬಿ ಅಲ್ಲೇ ಉಳಿಯಿತು. ವ್ಯಾನಿನಿಂದ ಅರವತ್ತು ಬಿಳಿ ಬಕೆಟ್ ಇಳಿದವು.

"ಎಂಥದಿದು?"

"ಪರ್ಮನೆಂಟ್ ಬಕೆಟ್, ಭಾವ. ಗೋದಾಮಿನವನೇ ಹೇಳಿದ. ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಒಮ್ಮೆ ತಕೊಂಡರೆ ಜನ್ಮಕ್ಕಾಯಿತು."

"ವೀಸಾವೇ ಪರ್ಮನೆಂಟ್ ಅಲ್ಲದ ಊರಿನಲ್ಲಿ ಬಕೆಟ್ ಯಾರಿಗೆ ಬೇಕು?"

"ಅದಕ್ಕೇ ಭಾವ. ಜನರಿಗೆ ಒಂದಾದರೂ ಇರಲಿ ಅಂತ ಆಸೆ ಇರ್ತದೆ."

ಬಕೆಟ್ ಗಟ್ಟಿಯಾಗಿಯೇ ಇತ್ತು. ಮೂವತ್ತು ಲೀಟರ್, ದಪ್ಪ ಪ್ಲಾಸ್ಟಿಕ್, ಕೆಳಗೆ ನಳ್ಳಿ, ಬಿಗಿಯಾದ ಮುಚ್ಚಳ. ಮುಚ್ಚಳದ ನಡುವೆ ಕಿರುಬೆರಳು ತೂರುವಷ್ಟು ಒಂದು ತೂತು. ಪ್ರತಿ ಬಕೆಟಿನೊಳಗೂ ಹಾವಿನಂತೆ ಬಾಗಿದ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ. ಅದೇನೆಂದು ಕೇಳಿದ್ದಕ್ಕೆ ಭಾವಮೈದ "ಫ್ರೀ ಗಿಫ್ಟ್" ಎಂದ.

ನೀರು ತುಂಬಿಡಲಿಕ್ಕೆಂದು ಮೊದಲ ವಾರ ಐದು ಮಾರಾಟವಾದವು. ಎರಡನೇ ವಾರ ಐದೂ ವಾಪಸ್ ಬಂದವು. ಮುಚ್ಚಳಕ್ಕೆ ತೂತು ಕೊರೆದು ಮಾರುವ ಅಂಗಡಿ ಎಂದು ಬಿಲ್ಡಿಂಗಿನಲ್ಲಿ ಹೆಸರೂ ಬಂತು.

ಆಮೇಲೆ ಚಡ್ಡಿ ಹಾಕಿದ ಒಬ್ಬ ಬಿಳಿಯ ಮುದುಕರು ಕಾವಲಿ ಕೊಳ್ಳಲು ಬಂದರು. ಬಕೆಟ್ ಕಂಡದ್ದೇ, ಕಳೆದುಹೋದ ತಮ್ಮ ಸಿಕ್ಕವರಂತೆ ನಿಂತುಬಿಟ್ಟರು. ನಳ್ಳಿ ತಿರುಗಿಸಿದರು. ತೂತಿಗೆ ಬೆರಳು ಹಾಕಿದರು. ಒಳಗಿನ ಫ್ರೀ ಗಿಫ್ಟನ್ನು ತೆಗೆದು ತೂತಿಗೆ ಸಿಕ್ಕಿಸಿದರು. ಅಳತೆ ತೆಗೆದು ಮಾಡಿದ ಹಾಗೆ ಕೂತಿತು.

"ಇದು ಫರ್ಮೆಂಟರ್," ಎಂದರು ಮೆಲ್ಲಗೆ. "ಮನೆಯಲ್ಲಿ ಬಿಯರ್ ಮಾಡುವವರು ಅದನ್ನು ಹುಳಿ ಬರಿಸಲು ಇಡುವ ಪಾತ್ರೆ. ಒಳಗಿನ ಗಾಳಿ ಈ ಕೊಳವೆಯ ನೀರಿನಲ್ಲಿ ಗುಳ್ಳೆಯಾಗಿ ಹೊರಬರುತ್ತದೆ. ನಮ್ಮೂರಿನಲ್ಲಿ ಅಡುಗೆಮನೆಯಲ್ಲೇ ಇರುತ್ತದೆ. ನೀವು ಇಲ್ಲಿ, ಅಂಗಡಿಯ ಬಾಗಿಲಲ್ಲೇ ಜೋಡಿಸಿದ್ದೀರಿ. ನಿಮ್ಮ ಧೈರ್ಯ ಮೆಚ್ಚಬೇಕು."

ಕಾವಲಿಯನ್ನು ಮಾತ್ರ ಕೊಂಡು ಹೋದರು. ಈ ದೇಶದಲ್ಲಿ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ನನ್ನ ಲೈಸೆನ್ಸಿನಲ್ಲಿ ಇರುವುದು 'ಅಡುಗೆ ಪಾತ್ರೆ' ಎಂದು; ಅದರ ನವೀಕರಣಕ್ಕೆ ಉಳಿದದ್ದು ಎರಡು ತಿಂಗಳು. ನನ್ನ ಅಂಗಡಿಯ ಬಕೆಟಿನಲ್ಲಿ ಯಾರಾದರೂ ಸಿಕ್ಕಿಬಿದ್ದರೆ ನನಗೆ ಲೈಸೆನ್ಸೂ ಖಲಾಸ್, ಊರಿನ ಟಿಕೆಟ್ಟೂ ಖಾತ್ರಿ.

"ನಿನಗೆ ಫರ್ಮೆಂಟರ್ ಅಂತ ಕೇಳಿಸಲಿಲ್ಲವಾ?" ಎಂದು ಭಾವಮೈದನನ್ನು ಕೇಳಿದೆ.

"ಕೇಳಿಸಿತು ಭಾವ. ಅವನಿಗೆ 'ಪ' ಬರುವುದಿಲ್ಲ ಅಂತ ನಾನೇ ತಿದ್ದಿಕೊಂಡೆ."

ಅವನು ತಿದ್ದಿಕೊಂಡ ಆ ಒಂದಕ್ಷರ ಈಗ ನನ್ನ ಅಂಗಡಿಯ ಅರ್ಧ ಜಾಗ ಹಿಡಿದಿತ್ತು.

ಲೀಟರ್ ಲೆಕ್ಕದ ಉಪ್ಪಿನಕಾಯಿ

ವಾಪಸ್ ಕೊಡೋಣವೆಂದರೆ ಗೋದಾಮಿನವನು ಒಂದೇ ಮಾತಿನಲ್ಲಿ "ಮಾಫಿ" ಎಂದ; ಅರಬ್ಬಿಯಲ್ಲಿ ಅದು ಕ್ಷಮೆಯಲ್ಲ, 'ಇಲ್ಲ'. ಬಕೆಟ್‌ಗಳನ್ನೆಲ್ಲ ಹಿಂದಿನ ಗೋಡೆಗೆ ಒತ್ತಿ ಬಟ್ಟೆ ಮುಚ್ಚಿದೆ. ಕೇಳಿದವರು ಯಾವುದಕ್ಕೆಂದು ಹೇಳಬೇಕು, ನನಗೆ ನಂಬಿಕೆ ಬಂದರೆ ಮಾತ್ರ ಮಾರುವುದು ಎಂದು ಹೊಸ ಕಾನೂನು ಮಾಡಿದೆ.

ಸುದ್ದಿ ಎಲ್ಲಿಂದ ಹರಡಿತೋ ಗೊತ್ತಿಲ್ಲ. ಪಾತ್ರೆ ಅಂಗಡಿಗೆ ಎಂದೂ ಕಾಲಿಡದ ಗಂಡಸರು ಬರತೊಡಗಿದರು. ಯಾವುದಕ್ಕೆಂದು ಕೇಳಿದರೆ ಎಲ್ಲರೂ "ಉಪ್ಪಿನಕಾಯಿಗೆ" ಎನ್ನುವರು, ಒಂದು ಕಣ್ಣು ಮಿಟುಕಿಸುವರು. ಅವರಲ್ಲಿ ಒಬ್ಬ ಎಂಜಿನಿಯರ್. ಮೈಸೂರು ಕಡೆಯವರು, ನಯವಾದ ಮಾತು, ಕುತ್ತಿಗೆಯಲ್ಲಿ ಕಂಪನಿಯ ಬ್ಯಾಡ್ಜು.

"ಕಾಕಾ, ಉಪ್ಪಿನಕಾಯಿಗೆ ಒಂದು ಪಾತ್ರೆ ಬೇಕಿತ್ತು."

"ಪಿಂಗಾಣಿ ಭರಣಿ ಉಂಟು."

"ಭರಣಿ ಬೇಡ. ಪ್ಲಾಸ್ಟಿಕ್ಕಾ, ಗಾಜಾ, ಸ್ಟೀಲಾ ಅಂತ ಒಂದು ತಿಂಗಳಿಂದ ತಲೆ ಕೆಡಿಸ್ಕೊಂಡಿದೀನಿ. ಪ್ಲಾಸ್ಟಿಕ್ ಹಗುರ, ಆದ್ರೆ ಗೀರು ಬಿದ್ರೆ ಅದರೊಳಗೆ ಕ್ರಿಮಿ ಸೇರ್ಕೊಳ್ತವೆ. ಗಾಜು ಚೊಕ್ಕಟ, ಆದ್ರೆ ಬೆಳಕು ತಾಗಿದ್ರೆ ವಾಸನೆ ಬರುತ್ತೆ, ಕೈ ಜಾರಿದ್ರೆ ಕತೆ ಮುಗೀತು. ಸ್ಟೀಲು ಎಲ್ಲಕ್ಕಿಂತ ಒಳ್ಳೇದು. ಆದ್ರೆ ಒಳಗೆ ಏನಾಗ್ತಿದೆ ಅಂತ ಕಾಣಲ್ಲ."

"ಉಪ್ಪಿನಕಾಯಿಯ ಒಳಗೆ ಏನಾಗಬೇಕು?"

"ಗುಳ್ಳೆ ಬರಬೇಕು."

"ನಮ್ಮ ಮನೆಯಲ್ಲಿ ಗುಳ್ಳೆ ಬಂದರೆ ಚೆಲ್ಲುತ್ತೇವೆ."

"ಇದು ಬೇರೆ ಥರದ್ದು ಕಾಕಾ."

"ಎಷ್ಟು ಹಾಕುತ್ತೀರಿ?"

"ಒಂದ್ಸಲಕ್ಕೆ ಇಪ್ಪತ್ತು ಲೀಟರ್."

ಉಪ್ಪಿನಕಾಯಿಯನ್ನು ಲೀಟರಿನಲ್ಲಿ ಅಳೆಯುವವರನ್ನು ನಾನು ಅದೇ ಮೊದಲು ಕಂಡದ್ದು. "ಮನೆಯಲ್ಲಿ ಎಷ್ಟು ಜನ?" ಎಂದೆ.

"ನಾನೊಬ್ಬನೇ."

"ಮಾವಿನಕಾಯಿಯದ್ದಾ, ನಿಂಬೆಯದ್ದಾ?"

ಈ ಪ್ರಶ್ನೆಗೆ ಅವರು ಮೇಲಿನ ಫ್ಯಾನ್ ನೋಡಿದರು.

"ಬಾರ್ಲಿಯದ್ದು," ಎಂದರು.

ಗಂಡ ಏನು ಕುಡಿಯುತ್ತಾರೆ

ಎಂಜಿನಿಯರರನ್ನು ಬರಿಗೈಯಲ್ಲಿ ಕಳಿಸಿದೆ. ಅವತ್ತಿನಿಂದ ಉಪ್ಪಿನಕಾಯಿ ಎಂಬ ಶಬ್ದ ಕೇಳಿದರೆ ನನಗೆ ಮೈಯೆಲ್ಲ ಉರಿ. ಆ ಶಬ್ದ ಎತ್ತಿದವರಿಗೆ ಬಟ್ಟೆ ಸರಿಸಿ ತೋರಿಸಲೂ ಕೂಡದು ಎಂದು ಭಾವಮೈದನಿಗೆ ಹೇಳಿಟ್ಟೆ.

ಹೀಗಿರುವಾಗ ಧಾರವಾಡ ಕಡೆಯ ಒಬ್ಬ ಗೃಹಿಣಿ ಬಂದರು, ಅವರ ಕಡೆಯ ಮಾತಿನಲ್ಲಿ 'ಬಾಯಿ'. ಪಕ್ಕದ ಬಿಲ್ಡಿಂಗಿನಲ್ಲಿ ಮನೆ, ಗಂಡ ಡಾಕ್ಟರು. ಬಟ್ಟೆಯ ಅಂಚಿನಲ್ಲಿ ಇಣುಕುತ್ತಿದ್ದ ಬಕೆಟ್ ಅವರ ಕಣ್ಣಿಗೆ ಬಿತ್ತು.

"ಅಣ್ಣಾರ, ಆ ದೊಡ್ಡ ಡಬ್ಬಿ ಒಂದ ಕೊಡ್ರಿ. ಉಪ್ಪಿನಕಾಯಿ ಹಾಕಬೇಕ."

"ಎಷ್ಟು ಲೀಟರ್?"

"ಲೀಟರ್ ಯಾಕ್ರೀ? ಕಿಲೋ ಕೇಳ್ರಿ."

ಅಲ್ಲೇ ನನಗೆ ತಿಳಿಯಬೇಕಿತ್ತು. ಆದರೆ ಒಂದು ತಿಂಗಳ ಉರಿ ತಲೆಗೇರಿತ್ತು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದೆ. ಶುಕ್ರವಾರ ಶನಿವಾರ ನೆಂಟರು ಬರುವುದುಂಟೋ ಎಂದು ಕೇಳಿದೆ. ಯಜಮಾನರು ಏನು ಕುಡಿಯುತ್ತಾರೆ ಎಂದೂ ಕೇಳಿದೆ.

"ಚಹಾ ಕುಡೀತಾರ."

"ಚಹಾ ಬಿಟ್ಟು?"

ಬಾಯಿ ಕೈಯಲ್ಲಿದ್ದ ಚೀಲವನ್ನು ಕೌಂಟರಿನ ಮೇಲೆ ಇಟ್ಟರು. "ಏನ್ರೀ, ನೀವು ಪಾತ್ರಿ ಮಾರ್ತೀರೋ, ಮಗಳನ್ನ ಕೊಡ್ತೀರೋ? ಇಷ್ಟ ವಿಚಾರಣಿ ನನ್ನ ಲಗ್ನದಾಗ ನಮ್ಮಪ್ಪ ಸೈತ ಮಾಡಿದ್ದಿಲ್ಲ."

ಚೀಲ ಎತ್ತಿಕೊಂಡು ಹೊರಟೇಹೋದರು. ಬಾಗಿಲು ಮುಚ್ಚಿದ ಮೇಲೆ ಭಾವಮೈದ, "ಭಾವ, ಅದು ನಿಜವಾದ ಉಪ್ಪಿನಕಾಯಿ," ಎಂದ.

"ನಿನಗೆ ಹೇಗೆ ಗೊತ್ತು?"

"ಕಣ್ಣು ಮಿಟುಕಿಸಲಿಲ್ಲ."

ಗುಳುಗುಳು

ಮದೀನತ್ ಜಾಯೆದಿನಿಂದ ಫೋನ್ ಬಂದಾಗ ದೇವರೇ ಕಣ್ಣು ತೆರೆದನೆಂದುಕೊಂಡೆ. ಅಲ್ಲಿನ ಒಂದು ಕಾರ್ಮಿಕರ ಕ್ಯಾಂಪಿನ ಅಡುಗೆಯವರು, ಕುಂದಾಪುರ ಕಡೆಯವರು, ನನಗೆ ಹಳೆಯ ಗಿರಾಕಿ. ಬಿಸಿಲಿಗೆ ಮಜ್ಜಿಗೆ ತುಂಬಿಡಲು ನಳ್ಳಿ ಇರುವ ಬಕೆಟ್ ಹತ್ತು ಬೇಕೆಂದರು. ಮಜ್ಜಿಗೆಗೆ ಅಡ್ಡ ಬರುವ ಕಾನೂನು ಯಾವ ದೇಶದಲ್ಲೂ ಇಲ್ಲ. ಅದೇ ದಿನ ಕಳಿಸಿದೆ.

ನಾಲ್ಕನೇ ದಿನ ಮತ್ತೆ ಫೋನ್. "ಕಾಕಾ, ನಿಮ್ಮ ಬಕೆಟ್ ವಾಪಸ್ ತಕೊಳ್ಳಿ ಮಾರಾಯ್ರೆ."

"ಸೋರುತ್ತದಾ?"

"ಸೋರುವುದು ಎಲ್ಲಿಂದ, ಗಾಳಿಯೂ ಆಡುವುದಿಲ್ಲ. ಧೂಳು ಬೀಳದ ಹಾಗೆ ಆ ಕೊಳವೆಗೆ ನೀರು ಹಾಕಿ ಸಿಕ್ಕಿಸಿಟ್ಟೆ. ಎರಡನೇ ದಿನ ಅದು ಗುಳುಗುಳು ಹೇಳ್ಲಿಕ್ಕೆ ಶುರು ಮಾಡ್ತು."

"ಮಜ್ಜಿಗೆ ಹಾಳಾಯಿತಾ?"

"ಹಲ್ಲು ಜುಂ ಅನ್ನುವಷ್ಟು ಹುಳಿ, ಅಷ್ಟೇ. ಆದರೆ ಗುಳುಗುಳು ಕೇಳಿ ಇಡೀ ಕ್ಯಾಂಪು ಲೋಟ ಹಿಡ್ಕೊಂಡು ಬಂತು. ಮಜ್ಜಿಗೆ ಕಂಡರೆ ಮುಖ ತಿರುಗಿಸುವವರೂ ಬಂದರು. ಇಬ್ಬರು ಮೂರು ಮೂರು ಲೋಟ ಕುಡಿದು ತೂರಾಡಿದರು."

"ಮಜ್ಜಿಗೆಗೆ ಯಾರಾದರೂ ತೂರಾಡುತ್ತಾರಾ?"

"ನಾನೂ ಅದೇ ಕೇಳಿದೆ. 'ಅಣ್ಣ, ನೀವು ಮಜ್ಜಿಗೆ ಅಂತಲೇ ಹೇಳ್ತಾ ಇರಿ, ನಾವು ಯಾರಿಗೂ ಹೇಳುವುದಿಲ್ಲ' ಅಂದರು. ಆಮೇಲೆ ಮ್ಯಾನೇಜರ್ ಬಂದು ನನ್ನ ಬಾಯಿ ಮೂಸಿ ಹೋದ."

ದೂರು

ಹತ್ತು ಬಕೆಟ್ ವಾಪಸ್ ಬಂದು ಬಾಗಿಲಲ್ಲಿ ಇಳಿದ ಬೆಳಿಗ್ಗೆಯೇ ಲೈಸೆನ್ಸಿನ ಸಂಬಂಧ ಇನ್‌ಸ್ಪೆಕ್ಟರ್ ಬಂದರು. ಇಸ್ತ್ರಿ ಮಡಿಕೆ ಕೆಡದ ಬಿಳಿ ಕಂದೂರ ನಿಲುವಂಗಿ, ಮೆತ್ತಗಿನ ಮಾತು. ಬೆಂಕಿ ಆರಿಸುವ ಸಿಲಿಂಡರ್ ನೋಡಿದರು, ಬೆಲೆಯ ಚೀಟಿ ನೋಡಿದರು, ಎಲ್ಲ ಸರಿ ಎಂದರು. ಹೊರಡುವಾಗ ಬಕೆಟಿನ ಮುಂದೆ ನಿಂತು ತೂತಿಗೆ ಬೆರಳು ಹಾಕಿದರು. ಅದನ್ನು ಕಂಡವರು ಬೆರಳು ಹಾಕದೆ ಇರುವುದಿಲ್ಲ.

"ಇದು ಯಾವುದಕ್ಕೆ?"

"ಮಜ್ಜಿಗೆಗೆ," ಎಂದೆ ನಾನು.

"ಉಪ್ಪಿನಕಾಯಿಗೆ," ಎಂದ ಭಾವಮೈದ, ಅದೇ ಕ್ಷಣದಲ್ಲಿ.

ಇನ್‌ಸ್ಪೆಕ್ಟರ್ ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿದರು. "ಎರಡೂ ಒಟ್ಟಿಗೇನಾ?" ಎಂದರು.

ಇಪ್ಪತ್ತಾರು ವರ್ಷ ಕಣ್ಣ ಮುಂದೆ ಹಾದುಹೋಯಿತು. ಅಷ್ಟರಲ್ಲಿ ಕುಕ್ಕರ್ ಗ್ಯಾಸ್ಕೆಟ್ ಆರಿಸುತ್ತಿದ್ದ ಗಿರಾಕಿಯೊಬ್ಬರು ತಿರುಗಿದರು. ಅದೇ ಧಾರವಾಡದ ಬಾಯಿ. ಅಧಿಕಾರಿ ಸಿಕ್ಕಿದ್ದೇ ಸರಿ ಎಂದು ನೇರ ಬಂದು ಇಂಗ್ಲಿಷಿನಲ್ಲಿ ಶುರುಮಾಡಿದರು.

"ಸರ್, ಇವರ ಮೇಲೆ ನನ್ನದೊಂದು ದೂರಿದೆ. ದುಡ್ಡು ಕೊಡುತ್ತೇನೆಂದರೂ ನನಗೆ ಈ ಡಬ್ಬಿ ಮಾರಲಿಲ್ಲ. ಏನು ಹಾಕುತ್ತೀರಿ ಎಂದು ಕೇಳಿದರು. ಮನೆಗೆ ಯಾರು ಬರುತ್ತಾರೆ ಎಂದು ಕೇಳಿದರು. ಗಂಡ ಏನು ಕುಡಿಯುತ್ತಾರೆ ಎಂದು ಕೇಳಿದರು. ಚಹಾ ಎಂದರೆ ನಂಬಲಿಲ್ಲ."

ಇನ್‌ಸ್ಪೆಕ್ಟರ್ ಕೊಳವೆಯನ್ನು ನೋಡಿದರು, ತೂತನ್ನು ನೋಡಿದರು. ಅವರಿಗೆ ಅರ್ಥವಾಯಿತೆಂದು ನನಗೂ ಅರ್ಥವಾಯಿತು.

"ಎಲ್ಲರನ್ನೂ ಹೀಗೆಯೇ ಕೇಳುತ್ತಾರಾ?"

"ಎಲ್ಲರನ್ನೂ. ಇಡೀ ಬಿಲ್ಡಿಂಗಿಗೆ ಗೊತ್ತು. ರಾಶಿ ಹಾಕಿಕೊಂಡು ಕೂತಿದ್ದಾರೆ, ಒಂದನ್ನೂ ಯಾರಿಗೂ ಕೊಟ್ಟಿಲ್ಲ."

ಇನ್‌ಸ್ಪೆಕ್ಟರ್ ನನ್ನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮಂಥ ವ್ಯಾಪಾರಿಗಳು ಬೇಕು," ಎಂದರು. ಯಾವುದಕ್ಕೆಂದು ಸ್ಪಷ್ಟವಾಗಿ ಒಂದು ಬೋರ್ಡ್ ಹಾಕಿ ಎಂದು ಹೇಳಿ, ಕಾಗದಕ್ಕೆ ಸಹಿ ಮಾಡಿ ಹೊರಟರು. ಮಾಲು ಮಾರದೆ ಇದ್ದದ್ದಕ್ಕೆ ಹೊಗಳಿಸಿಕೊಂಡದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಬಾಯಿ ಗ್ಯಾಸ್ಕೆಟ್ ಹಿಡಿದುಕೊಂಡು ಹಾಗೇ ನಿಂತಿದ್ದರು. "ಅಲ್ರೀ, ನಾ ದೂರು ಕೊಟ್ಟೆನೋ, ಶಿಫಾರಸು ಮಾಡಿದೆನೋ?"

ಅವರಿಗೆ ಒಂದು ದೊಡ್ಡ ಭರಣಿಯನ್ನು ಅರ್ಧ ಬೆಲೆಗೆ ಕೊಟ್ಟೆ. ಪುಕ್ಕಟೆ ಕೊಡಬಹುದಿತ್ತು, ಆದರೆ ಉಪಕಾರವನ್ನು ಅವರು ಬೇಕೆಂದು ಮಾಡಿದ್ದಲ್ಲವಲ್ಲ.

ಗಾಳಿ ತಾಗದ ಗಿಡ

ಬೋರ್ಡ್ ಬರೆಸುವ ಕೆಲಸವನ್ನು ಭಾವಮೈದನಿಗೆ ಬಿಟ್ಟದ್ದು ನನ್ನ ತಪ್ಪು. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬರೆದು ತೂಗಿಸಿದ್ದ: ಉಪ್ಪಿನಕಾಯಿಗೆ ಮಾತ್ರ.

ಮಧ್ಯಾಹ್ನದೊಳಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಒಂಟಿ ಗಂಡಸರಿಗೆ ಉಪ್ಪಿನಕಾಯಿಯ ಮೇಲೆ ಇಷ್ಟು ಪ್ರೀತಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಒಬ್ಬನಂತೂ ಬೋರ್ಡ್ ಓದಿ ಭಾವಮೈದನ ಕೈ ಕುಲುಕಿ, "ಸೂಪರ್ ಐಡಿಯಾ" ಎಂದ.

ಬೋರ್ಡ್ ಕಿತ್ತು ಹಾಕಿದೆ. ಭಾವಮೈದನ ಕೈಗೆ ಡ್ರಿಲ್ ಕೊಟ್ಟೆ. ಎರಡು ದಿನ ಕೂತು ಅರವತ್ತು ಬಕೆಟಿಗೂ ತಳದಲ್ಲಿ ಮೂರು ಮೂರು ತೂತು ಕೊರೆದ. ನಳ್ಳಿ ಬಿಚ್ಚಿದೆವು, ಮುಚ್ಚಳ ಮತ್ತು ಕೊಳವೆಗಳನ್ನು ಗುಜರಿಗೆ ಹಾಕಿದೆವು. ಹೊಸ ಬೋರ್ಡನ್ನು ನಾನೇ ಬರೆಸಿದೆ: ಗಿಡದ ಕುಂಡ. ಅಲ್ ಕುಸೈಸಿನ ಬಾಲ್ಕನಿಗಳಲ್ಲಿ ಬಸಳೆ ಹಬ್ಬಿಸುವವರಿಗೆ, ಮಲ್ಲಿಗೆ ನೆಡುವವರಿಗೆ ಕೊರತೆಯಿಲ್ಲ. ಮೂರೇ ವಾರದಲ್ಲಿ ಐವತ್ತೊಂಬತ್ತು ಖಾಲಿಯಾದವು. ನವೀಕರಿಸಿದ ಲೈಸೆನ್ಸೂ ಬಂದು ಗೋಡೆಯಲ್ಲಿ ಕೂತಿತು.

ಉಳಿದ ಒಂದನ್ನು ಕೌಂಟರಿನ ಪಕ್ಕ ಇಟ್ಟುಕೊಂಡು ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದೆ. ಮೈಸೂರಿನ ಎಂಜಿನಿಯರ್ ಬಂದರು.

"ಕಾಕಾ, ಕರಿಬೇವಿಗೆ ಒಂದು ಕುಂಡ ಬೇಕಿತ್ತು."

ಮನುಷ್ಯ ದಾರಿಗೆ ಬಂದನಲ್ಲ ಎಂದು ನನಗೆ ಸಂತೋಷವಾಯಿತು. ಕೊನೆಯ ಬಕೆಟ್ ಎತ್ತಿಕೊಟ್ಟೆ. ಅವರು ಅದನ್ನು ಬೋರಲು ಹಾಕಿ ತಳದ ಮೂರು ತೂತುಗಳನ್ನು ಬಹಳ ಹೊತ್ತು ನೋಡಿದರು.

"ತಳ ತೂತಿಲ್ಲದ್ದು ಇಲ್ವಾ?"

"ಕರಿಬೇವಿನ ಬುಡದಲ್ಲಿ ನೀರು ನಿಲ್ಲಬಾರದು."

"ನಮ್ಮ ಕರಿಬೇವಿಗೆ ನಿಲ್ಲಬೇಕು ಕಾಕಾ. ಎರಡು ವಾರ."

"ಮತ್ತೇನು ಬೇಕು ನಿಮ್ಮ ಕರಿಬೇವಿಗೆ?"

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಮುಚ್ಚಳ ಇದ್ರೆ ಒಳ್ಳೇದು. ಗಿಡಕ್ಕೆ ಗಾಳಿ ತಾಗಬಾರದು."