ನಿನ್ನೆ ಬಂದ ಅಳಿಯ

ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲಿಗೆ ಬಂದ ವಿಚಾರಣಾ ಅಧಿಕಾರಿ ಕಲ್ಪನ ಮೇಡಂ ಕೇಳಿದ್ದು ಒಂದೇ ಪ್ರಶ್ನೆ. ಟ್ರೆವರ್ ಅನ್ನುವವರು ಎಷ್ಟು ವರ್ಷದಿಂದ ಈ ಮನೆಯಲ್ಲಿದ್ದಾರೆ? ಅತ್ತೆ ಚಿಕ್ಕವೆಂಕಟಮ್ಮ ಸೆರಗು ಸರಿಮಾಡಿಕೊಂಡು ಉತ್ತರ ಕೊಟ್ಟರು.

"ಅಳಿಯಂದ್ರಾ? ನಿನ್ನೆ ಬಂದ್ರಮ್ಮ. ನಾಳೆ ಓಗ್ತಾರೆ."

ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ಟ್ರೆವರ್‌ಗೆ ಮೈಯೆಲ್ಲ ಉರಿದುಹೋಯಿತು.

ಅವನು ಬಂದು ಹದಿನಾಲ್ಕು ವರ್ಷವಾಗಿತ್ತು. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ದುಡಿದು ಇಲ್ಲೇ ಮಣ್ಣಾದ ಮುತ್ತಾತನ ಸಮಾಧಿ ನೋಡಲೆಂದು ಇಂಗ್ಲೆಂಡಿನಿಂದ ಹೊರಟವನು, ವಾಪಸ್ಸು ಹೋಗುವಾಗ ಮಾರಿಕುಪ್ಪಂ ರೈಲಿನಲ್ಲಿ ಪಕ್ಕಕ್ಕೆ ಕೂತಿದ್ದ ಸುಮಲತಳ ಜೊತೆ ಮಾತಿಗಿಳಿದ. ಅವಳ ಜೊತೆಗೇ ಬಂಗಾರಪೇಟೆಯಲ್ಲಿಳಿದ. ಆಮೇಲೆ ಅವಳನ್ನೇ ಮದುವೆಯಾಗಿ, ಅವಳ ಹಳ್ಳಿಯಲ್ಲೇ ಎರಡು ಸೀಮೆಹಸು ಕಟ್ಟಿಕೊಂಡು ನಿಂತುಬಿಟ್ಟ. ಆ ಹಸುಗಳ ಮೂಲವೂ ಪರದೇಶವೇ. ಆದರೆ ವೀಸಾ ಎಲ್ಲಿ ಅಂತ ಅವುಗಳನ್ನು ಯಾರೂ ಕೇಳಲಿಲ್ಲ, ಇವನನ್ನು ಮಾತ್ರ ವರ್ಷವರ್ಷವೂ ಕೇಳಿದರು. ಈ ಸಲವಂತೂ ವೀಸಾ ಕಚೇರಿಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಇಷ್ಟು ವರ್ಷವೂ ಇದೇ ಊರಿನಲ್ಲಿದ್ದೆ ಎಂದು ರುಜುವಾತು ಮಾಡಿದರೆ ಕಾಯಂ ವಾಸಕ್ಕೆ ಅನುಮತಿ, ಇಲ್ಲವಾದರೆ ತಿಂಗಳ ಕೊನೆಗೆ ಗಂಟುಮೂಟೆ ಕಟ್ಟು.

ಅತ್ತೆಯದು ಕೇಡಿನ ಮಾತಲ್ಲ, ಮರ್ಯಾದೆಯ ಮಾತು. ಮನೆಅಳಿಯ ಎಂದರೆ ಆ ಕಡೆ ಜನರ ಕಣ್ಣಿಗೆ ಹಗುರ. ಹಾಗಾಗಿ ಹದಿನಾಲ್ಕು ವರ್ಷದಿಂದ ಬೀಗರಿಗೂ, ಗ್ಯಾಸ್ ಸಿಲಿಂಡರ್ ತರುವವನಿಗೂ, ಬಳೆಗಾರನಿಗೂ ಆಕೆ ಇದೇ ಪಾಠ ಒಪ್ಪಿಸಿಕೊಂಡು ಬಂದಿದ್ದರು. ಈಗ ಅಳಿಯ ಸಗಣಿ ಕೈಯಲ್ಲೇ ಓಡಿಬಂದು ಮೇಡಂಗೆ ನಿಜ ಹೇಳಿ ಎಂದು ಗೋಗರೆದರೂ ಆಕೆ ಜಗ್ಗಲಿಲ್ಲ. ಗೊತ್ತಿಲ್ಲದ ಹೆಂಗಸಿನ ಎದುರು ಮನೆತನದ ಮಾನ ಕಳೆಯುವುದುಂಟೇ?

ಮೇಡಂ ದಾಖಲೆ ಕೇಳಿದರು. ಕರೆಂಟ್ ಬಿಲ್ಲು, ಗ್ಯಾಸ್ ಪುಸ್ತಕ, ಡೈರಿಗೆ ಹಾಲು ಹಾಕುವ ಪಾಸ್‌ಬುಕ್ಕು ಎಲ್ಲ ಬಂದವು, ಎಲ್ಲವೂ ಚಿಕ್ಕವೆಂಕಟಮ್ಮನ ಹೆಸರಲ್ಲೇ. ನಿನ್ನೆ ಬಂದು ನಾಳೆ ಹೋಗುವ ನೆಂಟನ ಹೆಸರಿಗೆ ಯಾರು ತಾನೇ ಪಾಸ್‌ಬುಕ್ ಮಾಡಿಸುತ್ತಾರೆ? ಮೇಡಂ ಕಡತ ಮಡಚಿದರು.

ಅಷ್ಟು ಹೊತ್ತಿಗೆ ಅರ್ಧ ಬೀದಿ ಅಂಗಳದಲ್ಲಿತ್ತು. ನಮ್ಮ ಎಮ್ಮೆಗೆ ಹೆರಿಗೆ ಮಾಡಿಸಿದ್ದು ಇವರೇ ಎಂದು ಒಬ್ಬ, ನಮ್ಮಪ್ಪನಿಗೆ ಹೆಗಲು ಕೊಟ್ಟವರು ಇವರೇ ಎಂದು ಇನ್ನೊಬ್ಬ. ಇಂಥ ಬಾಯಿಮಾತೆಲ್ಲ ನಡೆಯುವುದಿಲ್ಲ, ಜವಾಬ್ದಾರಿ ಇರುವವರೊಬ್ಬರು ಹೇಳಬೇಕು ಎಂದರು ಮೇಡಂ. ಸುಮಲತ ಓಡಿಹೋಗಿ ಪಂಚಾಯ್ತಿ ಮೆಂಬರ್ ಆದಿನಾರಾಯಣನನ್ನು ಎಳೆದುಕೊಂಡು ಬಂದಳು. ಅವನು ಗಂಜಿ ಹಾಕಿದ ಬಿಳಿ ಷರಟು ತೊಟ್ಟುಕೊಂಡೇ ಬಂದ.

"ಮೇಡಂ, ಟ್ರೆವರಣ್ಣ ನಮ್ಮೂರೋರಲ್ಲ ಅಂದ್ರೆ ನಾನು ಮೆಂಬರೇ ಅಲ್ಲ" ಎಂದು ಎದೆ ತಟ್ಟಿಕೊಂಡ. "ಎಲೆಕ್ಷನ್ನಲ್ಲಿ ನಾನು ಗೆದ್ದಿದ್ದು ಒಂದೇ ಓಟಲ್ಲಿ. ಆ ಓಟು ಇವರ್ದೇ. ಲಿಸ್ಟಿಗೆ ಇವರೆಸ್ರು ಸೇರಿಸಿದ್ದೂ ನಾನೇ."

ಮೇಡಂ ಪೆನ್ನು ನಿಂತಿತು. ಪರದೇಶದವರು ಓಟು ಹಾಕುವುದು ಅಪರಾಧ, ಹೆಸರು ಸೇರಿಸಿದವರದೂ ಅಪರಾಧ, ಗೆದ್ದ ಸೀಟಿಗೂ ಸಂಚಕಾರ ಎಂದು ಅವರು ತಣ್ಣಗೆ ವಿವರಿಸಿದರು. ಆದಿನಾರಾಯಣನ ಷರಟಿನಲ್ಲಿ ಮಾತ್ರ ಗಂಜಿ ಉಳಿಯಿತು.

"ನಾನು ಇನ್ಯಾರೋ ಅನ್ಕೊಂಡೆ ಮೇಡಂ" ಎಂದ ಅವನು. "ಇವರು ನಿನ್ನೆ ಬಂದೋರಂತೆ."

ಇಡೀ ಹೋಬಳಿಯಲ್ಲಿ ಜೋಳದ ಕೂದಲಿನಂಥ ಗಡ್ಡ ಇರುವವನು ಇವನೊಬ್ಬನೇ. ಯಾರೆಂದುಕೊಂಡಿರಿ ಎಂದು ಮೇಡಂ ಕೇಳಿದ್ದಕ್ಕೆ ಅವನು ಅಂಗಳದವರ ಕಡೆ ತಿರುಗಿದ. ಅಂಗಳದವರಿಗೆಲ್ಲ ಒಟ್ಟಿಗೇ ಜ್ಞಾಪಕ ಮರುಕಳಿಸಿತು. ಹೌದು, ನಿನ್ನೆಯೇ ಬಂದರು. ಬ್ಯಾಗು ಹಿಡಿದುಕೊಂಡು ಬಂದದ್ದನ್ನು ಕಣ್ಣಾರೆ ಕಂಡವರೂ ಇದ್ದರು. ಪಾಪ, ಟ್ರೆವರಣ್ಣನನ್ನು ಜೈಲಿನಿಂದ ತಪ್ಪಿಸಬೇಕು ಎನ್ನುವುದೇ ಎಲ್ಲರ ಕಳಕಳಿ. ಸುಮಲತ ಕೂಡ ಗಂಡನ ತೋಳು ಚಿವುಟಿ, ಸುಮ್ಮನಿರಿ ಎಂದು ಸನ್ನೆ ಮಾಡಿದಳು.

ಸುಮ್ಮನಿದ್ದರೆ ಕೇಸಿಲ್ಲ. ಆದರೆ ಹದಿನಾಲ್ಕು ವರ್ಷವೂ ಇಲ್ಲ, ತಿಂಗಳ ಕೊನೆಗೆ ವಿಮಾನ. ಆವತ್ತು ಮನೆಮಂದಿಯ ಜೊತೆ ಸಾಲಿನಲ್ಲಿ ನಿಂತು, ಆದಿನಾರಾಯಣ ಕೈಗಿತ್ತ ಚೀಟಿ ಹಿಡಿದು ಬೂತಿನೊಳಕ್ಕೆ ಹೋದಾಗ ಅದು ತಪ್ಪು ಎಂದು ಒಬ್ಬರೂ ಹೇಳಿರಲಿಲ್ಲ. ಬೆರಳಿನ ಶಾಯಿಯನ್ನು ಅವನು ಎರಡು ವಾರ ಊರಿಗೆಲ್ಲ ತೋರಿಸಿಕೊಂಡು ಮೆರೆದಿದ್ದ. ಅದನ್ನೂ ಈಗ ಇಲ್ಲವೆನ್ನಬೇಕು. ಟ್ರೆವರ್‌ಗೆ ಅಳುವಷ್ಟು ಸಿಟ್ಟು ಬಂತು. ಸಗಣಿ ಬುಟ್ಟಿಯನ್ನು ಮೇಡಂ ಮುಂದೆಯೇ ಕುಕ್ಕಿದ.

"ನಾನು ನಿನ್ನೆ ಬಂದೋನಲ್ಲ. ಅತ್ತೆ ಸುಳ್ಳು, ಮೆಂಬ್ರು ಸುಳ್ಳು, ಈ ಬೀದಿಯೋರೆಲ್ಲ ಸುಳ್ಳು. ಅದ್ನಾಲ್ಕು ವರ್ಸದಿಂದ ಇಲ್ಲೇ ಬಿದ್ದಿದೀನಿ. ಓಟೂ ಆಕಿದೀನಿ. ಬರ್ಕೊಳ್ಳಿ ಮೇಡಂ."

ಮೇಡಂ ಬರೆದುಕೊಂಡರು.

ಸಂಜೆ ಬಂಗಾರಪೇಟೆ ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಒಂದು ತುದಿಗೆ ಟ್ರೆವರ್, ಇನ್ನೊಂದು ತುದಿಗೆ ಮುಖ ತಿರುಗಿಸಿಕೊಂಡ ಆದಿನಾರಾಯಣ. ಇನ್ಸ್‌ಪೆಕ್ಟರು ಟ್ರೆವರನ ಪಾಸ್‌ಪೋರ್ಟ್ ತೆಗೆದುಕೊಂಡು, ಕೇಸು ಮುಗಿಯುವವರೆಗೂ ತಾಲ್ಲೂಕು ಬಿಟ್ಟು ಕದಲಕೂಡದು ಎಂದರು.

ಟ್ರೆವರ್ ಕಿವಿ ನೆಟ್ಟಗಾಯಿತು. ಎಷ್ಟು ದಿನ ಹಿಡಿಯುತ್ತದೆ ಎಂದು ಮೆಲ್ಲಗೆ ಕೇಳಿದ. ದಿನವೇ, ಎಂದು ಇನ್ಸ್‌ಪೆಕ್ಟರು ನಕ್ಕರು. ಅವರು ಡ್ಯೂಟಿಗೆ ಸೇರುವುದಕ್ಕೂ ಮುಂಚಿನ ಮೇಕೆ ಕಳ್ಳತನದ ಕೇಸೊಂದು ಇನ್ನೂ ನಡೆಯುತ್ತಿತ್ತಂತೆ. ಮೇಕೆ ಬಿಡಿ, ಕದ್ದವನು ಸತ್ತೇ ಎಂಟು ವರ್ಷವಾಗಿತ್ತು.

ಟ್ರೆವರ್‌ಗೆ ಕುಣಿಯಬೇಕೆನಿಸಿತು. ಅರ್ಜಿ ಹಾಕಿ ಸಿಗದ್ದು ಅಪರಾಧ ಮಾಡಿ ಸಿಕ್ಕಿತ್ತು! ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ ಸುಮಲತಳ ಮುಖವೂ ಅರಳಿತು. ಅಷ್ಟರಲ್ಲಿ ಇನ್ಸ್‌ಪೆಕ್ಟರು ಪಾಸ್‌ಪೋರ್ಟಿನ ಹಾಳೆ ತಿರುವುತ್ತ ಒಂದು ಪುಟದಲ್ಲಿ ಕೈ ನಿಲ್ಲಿಸಿದರು.

"ವೀಸಾ ತಿಂಗಳ ಕೊನೆಗೆ ಮುಗಿಯುತ್ತೆ ನೋಡಿ. ಕೇಸಿರೋರಿಗೆ ಮುಂದಕ್ಕೆ ಹಾಕಿಕೊಡಲ್ಲ. ಆಮೇಲೆ ನೀವು ಇಲ್ಲಿದ್ರೆ ಅದೊಂದು ಕೇಸು. ತಾಲ್ಲೂಕು ದಾಟಿದ್ರೆ ಅದೊಂದು ಕೇಸು. ಇದ್ರೂ ತಪ್ಪೇ, ಹೋದ್ರೂ ತಪ್ಪೇ. ಏನ್ ಮಾಡ್ತೀರಿ?"

ಟ್ರೆವರ್ ಬೆಂಚಿನಿಂದ ಎದ್ದು ಮೇಜಿನ ಹತ್ತಿರಕ್ಕೆ ಬಂದ.

"ಇಲ್ಲಿದ್ದು ಮಾಡೋ ತಪ್ಪನ್ನೇ ಮಾಡ್ತೀನಿ ಸಾರ್" ಎಂದ. "ಈಗಲೇ ಬರ್ಕೊಂಡ್ಬಿಡಿ."