ಮೂವತ್ತೊಂದು ಸಾವಿರ ಅಡಿಯಲ್ಲಿ ಹೇಳದೆ ಕೇಳದೆ ಹೊರಟುಹೋದ ಗಾಳಿಯೊತ್ತಡದವರಿಗೆ

ಶ್ರೀಯುತ ಗಾಳಿಯೊತ್ತಡದವರು,
ಎಂಟು ಸೀಟಿನ ಬಿಸಿನೆಸ್ ಜೆಟ್‌ನ ಒಳಭಾಗ,
ಅಥವಾ ಸದ್ಯ ಎಲ್ಲಿ ಸುತ್ತುತ್ತಿದ್ದೀರೋ ಅಲ್ಲಿಗೆ.

ಮಾನ್ಯರೇ,

ರಾಜಾಜಿನಗರದ ನಿವೃತ್ತ ಮುಖ್ಯೋಪಾಧ್ಯಾಯ ವಿಶ್ವಾರಾಧ್ಯನ ಅನಂತ ನಮಸ್ಕಾರಗಳು. ಇಲ್ಲಿ ನಾವೆಲ್ಲ ಉಸಿರಾಡಿಕೊಂಡು ಕ್ಷೇಮ. ತಾವೂ ವಿಮಾನದೊಳಗೆ, ಈಗಲಾದರೂ ಒಳಗೇ, ಕ್ಷೇಮವಾಗಿದ್ದೀರೆಂದು ನಂಬಿ, ಕಳೆದ ಭಾನುವಾರ ತಾವು ನಡೆದುಕೊಂಡ ರೀತಿಯ ಬಗ್ಗೆ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಮಗಳು ಮಾಲವಿಕಾಳಿಗೆ ಬೀದರಿನ ಕಾಲೇಜೊಂದರಲ್ಲಿ ಉಪನ್ಯಾಸಕಿಯ ಕೆಲಸ ಸಿಕ್ಕಿದೆ. ಬರುವ ಸೋಮವಾರದೊಳಗೆ ಹೋಗಿ ಸೇರಿಕೊಳ್ಳದಿದ್ದರೆ ಕೈತಪ್ಪುತ್ತದೆ. ಆದರೆ ಅವಳ ಅತ್ತೆ, ಅಂದರೆ ಕೆಂಗೇರಿಯಲ್ಲಿರುವ ನಮ್ಮ ಬೀಗಿತ್ತಿ, ಸವದತ್ತಿ ಕಡೆಯ ದಾನಮ್ಮನವರು, "ಸೊಸಿ ಊರು ಬಿಟ್ಟು ಹೋಗಿ ದುಡಿಯೂದು ನಮ್ಮ ಮನ್ಯಾಗ ನಡಿಯಂಗಿಲ್ರಿ" ಎಂದು ಒಂದೇ ಮಾತಿನಲ್ಲಿ ಕದ ಹಾಕಿಬಿಟ್ಟಿದ್ದರು. ನಾನೋ ಹೆಣ್ಣು ಕೊಟ್ಟವನು, ಬೀಗರ ಮುಂದೆ ಗಟ್ಟಿಯಾಗಿ ಕೆಮ್ಮಿದವನೂ ಅಲ್ಲ. ಈ ಮಾತೆತ್ತಲೆಂದೇ ಅವರ ಅಣ್ಣನ ಮನೆಯ ಮದುವೆಗೆ ಬೆಳಗಾವಿಯವರೆಗೆ ಹೋಗಿ, ಮೂರು ದಿನ ಕುಂದಾ ತಿಂದು, ಬಾಯಿ ಸಿಹಿ ಮಾಡಿಕೊಂಡು ಸುಮ್ಮನೆ ಹೊರಟೆ.

ಅಳಿಯ ಶಿವಯೋಗಿ ಕೆಲಸ ಮಾಡುವ ಕಂಪನಿಯ ಜೆಟ್ ಅಂದು ಬೆಂಗಳೂರಿಗೆ ಖಾಲಿ ಬರುತ್ತಿದ್ದುದರಿಂದ ಬೀಗಿತ್ತಿ, ಮಗಳು, ಅಳಿಯ, ನಾನು ನಾಲ್ವರೂ ಅದರಲ್ಲಿ ಹತ್ತಿದೆವು. ಹತ್ತಿ ಅರ್ಧ ಗಂಟೆಯೂ ಆಗಿರಲಿಲ್ಲ, ಎದುರಿಗಿದ್ದ ಚಿಪ್ಸ್ ಪೊಟ್ಟಣ ಉಬ್ಬಿಕೊಂಡಿತು, ಕಿವಿ ಗುಂಯ್ ಎಂದಿತು, ತಾವು ಒಂದು ಮಾತೂ ಹೇಳದೆ ಮೆಲ್ಲಗೆ ಜಾರಿಕೊಂಡಿರಿ. ತಲೆಯ ಮೇಲಿಂದ ಆಮ್ಲಜನಕದ ಮಾಸ್ಕುಗಳು ಪಟಪಟನೆ ಇಳಿಬಿದ್ದವು. ಕ್ಯಾಪ್ಟನ್ ಸುಮಾ ಅವರು ಸ್ಪೀಕರಿನಲ್ಲಿ "ಮಾಸ್ಕ್ ಹಾಕ್ಕೊಳ್ಳಿ, ಬೇಗ!" ಎಂದು ಕೂಗಿ ವಿಮಾನದ ಮೂತಿಯನ್ನು ಕೆಳಕ್ಕೆ ತಿರುಗಿಸಿದರು.

ಇಲ್ಲೇ ನನ್ನ ದೂರು. ಬೀಗರಿಗೆ ಬಡಿಸದೆ ತಾನು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ನಾನು ದಾನಮ್ಮನವರ ಮಾಸ್ಕನ್ನು ಎರಡೂ ಕೈಯಲ್ಲಿ ಹಿಡಿದು, "ಸಂಕೋಚ ಮಾಡ್ಕೋಬೇಡಿ ತಾಯಿ, ತಗೊಳ್ಳಿ" ಎಂದೆ. ಅವರೂ ಮರ್ಯಾದಸ್ಥರು, "ಬ್ಯಾಡ್ರಿ ಬೀಗರ, ಮದಲ ನೀವ ತಗೋರಿ" ಎಂದರು. ಮೂರು ಸಲ ಒತ್ತಾಯ ಮಾಡಬೇಕು, ಎರಡು ಸಲವಾದರೂ ಬೇಡವೆನ್ನಬೇಕು ಎಂಬ ಸಾಮಾನ್ಯ ಜ್ಞಾನ ಈ ಮಾಸ್ಕು ಮಾಡಿದವರಿಗೆ ಬೇಡವೇ ಸ್ವಾಮಿ? ಮಾಲವಿಕಾ ತನ್ನ ಮಾಸ್ಕನ್ನು ಒಂದು ಕ್ಷಣ ಸರಿಸಿ, "ಅಪ್ಪಾ, ಅದು ಹೋಳಿಗೆ ಅಲ್ಲ, ಹಾಕ್ಕೊಳ್ಳಿ!" ಎಂದು ಕಿರುಚಿದಳು.

ಆದರೆ ಆ ವೇಳೆಗೆ ಆಮ್ಲಜನಕ ಸಾಲದೆ, ತಮ್ಮ ಗೈರುಹಾಜರಿಯ ಮಹಿಮೆ ಅಮಲಿನಂತೆ ತಲೆಗೇರಿತ್ತು. ಆಹಾ, ಎಂಥ ಆನಂದ! ಸಾಯುತ್ತಿದ್ದೇವೆಂದು ಗೊತ್ತು, ಆದರೂ ನಗು ತಡೆಯಲಾಗದು. ದಾನಮ್ಮನವರು ಚಿಪ್ಸ್ ಪೊಟ್ಟಣವನ್ನು ಎದೆಗವಚಿಕೊಂಡು ಕಿಲಕಿಲ ನಗುತ್ತಿದ್ದರು. ನನ್ನ ನಾಲಿಗೆಗೂ ಧೈರ್ಯ ಬಂದು, "ಮಗು ಬೀದರಿಗೆ ಹೋಗಲಿ ತಾಯಿ" ಎಂದುಬಿಟ್ಟೆ. ಅವರು, "ಹೋಗಲಿ ಬಿಡ್ರಿ, ಬೀದರ ಏನ ಚಂದ್ರಲೋಕದಾಗ ಐತೇನ್ರಿ!" ಎಂದು ನನ್ನ ತೊಡೆಗೇ ಬಡಿದು ನಕ್ಕರು. ಅಷ್ಟರಲ್ಲಿ ಮಾಲವಿಕಾ ಇಬ್ಬರ ಮುಖಕ್ಕೂ ಮಾಸ್ಕು ಒತ್ತಿದಳು.

ಹತ್ತು ಸಾವಿರ ಅಡಿಗೆ ಇಳಿದಾಗ ಉಸಿರು ಬಂತು, ಜೊತೆಗೆ ದಾನಮ್ಮನವರ ಗಾಂಭೀರ್ಯವೂ ಬಂತು. "ನಾ ಏನರ ಅಂದ್ನೇನ್ರಿ?" ಎಂದು ಸೆರಗು ಸರಿಪಡಿಸಿಕೊಂಡು ಕೇಳಿದರು. ನಾನು "ಏನಿಲ್ಲ, ಏನಿಲ್ಲ" ಎಂದೆ, ಹೇಡಿ! ಆದ್ದರಿಂದ ಪರಮಪೂಜ್ಯರಾದ ತಾವು ಒಂದು ಸಂಜೆ ಕೆಂಗೇರಿಗೆ ದಯಮಾಡಿಸಿ, ಅವರ ನಡುಮನೆಯಿಂದ ಮೂರೇ ನಿಮಿಷ ನಿರ್ಗಮಿಸಬೇಕೆಂದೂ, ಸಾಧ್ಯವಾದರೆ ರಾಜ್ಯದ ಬೀಗರ ಮನೆಗಳಿಗೆಲ್ಲ ವರ್ಷಕ್ಕೊಮ್ಮೆ ಹೀಗೆಯೇ ಭೇಟಿ ಕೊಡಬೇಕೆಂದೂ ಬೇಡಲು ಈ ಪತ್ರ ಶುರುಮಾಡಿದ್ದೆ.

ಅರ್ಧ ಬರೆಯುವಾಗಲೇ, ನಿನ್ನೆ, ದಾನಮ್ಮನವರ ಫೋನು ಬಂತು. "ಬೀಗರ, ಮ್ಯಾಲೆ ನಾ ಏನ ಅಂದೆ ಅನ್ನೂದು ನನಗ ನೆನಪಿಲ್ಲ. ನೀವ ಹೇಳ್ರಿ." ನೆಲದ ಮೇಲೆ, ತುಂಬಾ ಗಾಳಿಯಿರುವ ಜಾಗದಲ್ಲಿ ನಿಂತು, ಮೊದಲ ಬಾರಿಗೆ ಹೇಳಿದೆ: "ಮಾಲವಿಕಾ ಬೀದರಿಗೆ ಹೋಗಲಿ ಅಂದ್ರಿ." ಅವರು, "ಅಂದಿದ್ರ ಅಂದೇನಿ ಬಿಡ್ರಿ. ಮಾತ ಅಂದರ ಮಾತ. ಹೋಗಲಿ" ಎಂದು ಫೋನಿಟ್ಟರು. ನಾನು ಅತ್ತುಬಿಟ್ಟೆ, ಮಾನ್ಯರೇ.

ಇಂತಿ, ತಾವಿದ್ದಾಗ ಹೆದರಿ, ತಾವಿಲ್ಲದಾಗ ನಕ್ಕ,
ತಮ್ಮ ವಿಶ್ವಾಸಿ,
ವಿಶ್ವಾರಾಧ್ಯ

ತಾ.ಕ.: ಬೀಗಿತ್ತಿಯವರು ಈ ಪತ್ರ ಅಚ್ಚಾಗುವ ಪತ್ರಿಕೆ ತರಿಸುವುದಿಲ್ಲವಾದ್ದರಿಂದ ಒಂದು ಗುಟ್ಟು. ಆ ಮಾತನ್ನು ಅವರು ಆಡಿದ್ದೋ, ಗಾಳಿಯಿಲ್ಲದ ನನ್ನ ತಲೆಯೇ ಆಡಿಸಿದ್ದೋ, ದೇವರಾಣೆ ಖಾತ್ರಿಯಿಲ್ಲ; ಮಗಳು, ಅಳಿಯ ಇಬ್ಬರಿಗೂ ಕಿವಿ ಕಟ್ಟಿತ್ತಂತೆ. ಯಾರಾದರೂ ತಮ್ಮನ್ನು ಸಾಕ್ಷಿಗೆ ಕರೆದರೆ, ಆ ಹೊತ್ತಿನಲ್ಲಿ ತಾವು ಕೆಲಸ ಬಿಟ್ಟು ಓಡಿಹೋಗಿದ್ದಿರೆಂಬ ಸತ್ಯವನ್ನೇ ಹೇಳತಕ್ಕದ್ದು.